ಕಿಟಕಿಯಲ್ಲಿ ಕಾಮಕಸ್ತೂರಿ

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಒಬ್ಬ ಹೆಂಗಸಿಗೆ ಸಂಜೆ ಮನೆ ಸೇರುವಷ್ಟರಲ್ಲಿ ಕಾಲು ಮರಗಟ್ಟಿರುತ್ತಿತ್ತು. ದಿನವಿಡೀ ಹಬೆಯ ಮುಂದೆ ನಿಂತು, ಆಮೇಲೆ ಮೂರು ಮಹಡಿ ಹತ್ತಿ ಬಂದರೆ, ಮನೆಯಲ್ಲಿ ಒಬ್ಬರೇ ಇರುವ ಮಾವನಿಗೆಂದು ಬೆಳಗ್ಗೆ ಮುಚ್ಚಿಟ್ಟ ತಟ್ಟೆ ಹಾಗೆಯೇ ಇರುತ್ತಿತ್ತು.

"ಇವತ್ತೂ ತಿಂದಿಲ್ವಾ ಮಾವ?"

"ಹಸಿವಿಲ್ಲಮ್ಮ."

ಹಸಿವಿತ್ತು. ಇಲ್ಲದಿದ್ದದ್ದು ಉಪ್ಪು. ರಕ್ತದೊತ್ತಡ ಏರಿದೆ, ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿ ಎರಡು ತಿಂಗಳಾಗಿತ್ತು. ಮಾವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು.

"ಉಪ್ಪಿಗಿಂತ ರುಚಿಯಿಲ್ಲ ಅಂತ ಹಿರಿಯರು ಸುಮ್ನೆ ಹೇಳಿದ್ರಾ? ನನ್ನ ಅಡುಗೆಗೆ ನಾನೂರು ಜನ ಸಾಲು ನಿಲ್ತಿದ್ರು" ಎನ್ನುತ್ತಿದ್ದರು. ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಒಂದು ಭಾನುವಾರ ಮಾವನ ದಿಂಬಿನ ಚೀಲ ಬದಲಿಸುವಾಗ ಒಳಗೆ ಅವಳಿಗೆ ಉಪ್ಪಿನ ಪೊಟ್ಟಣ ಸಿಕ್ಕಿತು. ಅರ್ಧ ಖಾಲಿ. ಅದೇ ಹೊತ್ತಿಗೆ ಮಾವ ಮೆಟ್ಟಿಲ ಮೇಲೆ ತಲೆಸುತ್ತಿ ಕೂತುಬಿಟ್ಟಿದ್ದರು. ಕೆಳಗಿನ ಮನೆಯ ನರ್ಸ್ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು. ಬೂಟನ್ನೂ ಬಿಚ್ಚದೆ ಓಡಿ ಬಂದು ತೋಳಿಗೆ ರಕ್ತದೊತ್ತಡ ಅಳೆಯುವ ಪಟ್ಟಿ ಸುತ್ತಿದಳು.

"ನೂರಾ ಎಂಬತ್ತು. ಮಾತ್ರೆ ತಗೊಂಡ್ರಾ ಯಜಮಾನರೇ?"

"ತಗೊಂಡೆ."

ಸೊಸೆ ಪೊಟ್ಟಣ ಮುಂದೆ ಹಿಡಿದಳು. "ಇದನ್ನೂ ತಗೊಂಡ್ರು."

ಆ ಕ್ಷಣವೇ ಆಸ್ಪತ್ರೆಗೆ ಹೋದರು. ವೈದ್ಯರು ಮಾತ್ರೆ ಬದಲಿಸಿದರು. ಮರುದಿನ ಸಂಜೆ ನರ್ಸ್ ವಿಚಾರಿಸಲು ಬಂದಳು.

"ಬರೀ ಕಿತ್ಕೊಂಡ್ರೆ ಕದ್ದು ತಿಂತಾರಮ್ಮ. ಉಪ್ಪು ತೆಗೆದ ಜಾಗಕ್ಕೆ ಘಮ ಹಾಕು. ಕೊತ್ತಂಬರಿ, ಕಾಮಕಸ್ತೂರಿ... ಮನೇಲೇ ಬೀಜ ಹಾಕಿ ಬೆಳೆಸು."

"ಇರೋ ಕೆಲಸಕ್ಕೇ ಸೊಂಟ ಬಿದ್ದುಹೋಗಿದೆ ಸಿಸ್ಟರ್. ಗಿಡದ ಚಾಕರಿ ಬೇರೆ ಮಾಡ್ಲಾ? ಅಂಗಡೀಲಿ ಒಂದು ಕಟ್ಟು ತಂದ್ರಾಯ್ತು."

"ಕಟ್ಟು ಮೂರು ದಿನಕ್ಕೆ ಕೊಳೆಯುತ್ತೆ. ಗಿಡ ಇದ್ರೆ ಬೇಕಾದಷ್ಟೇ ಕಿತ್ಕೋಬಹುದು. ಚಾಕರಿ ನಿಂಗ್ಯಾಕೆ? ದಿನಾ ಕಿಟಕಿ ಹತ್ರ ಕೂತಿರೋರು ಇದಾರಲ್ಲ."

"ಸೌಟು ಹಿಡಿದ ಕೈಗೆ ಮಣ್ಣು ಮೆತ್ತಿಸ್ತೀರಾ?" ಎಂದು ಮಾವ ಗೋಡೆಗೆ ಮುಖ ತಿರುಗಿಸಿದರು.

ಆದರೂ ನರ್ಸ್ ಗೊಬ್ಬರ ಬೆರೆಸಿದ ಮಣ್ಣು ತಂದಿಟ್ಟಾಗ ಬೇಡವೆನ್ನಲಿಲ್ಲ. ಹಳೆಯ ಬಿಸ್ಕತ್ತು ಡಬ್ಬಕ್ಕೆ ಮಣ್ಣು ತುಂಬಿ, ಕೊತ್ತಂಬರಿ ಬೀಜವನ್ನು ಬೆರಳುದ್ದ ಆಳಕ್ಕೆ ಒತ್ತಿ, ದಿನಕ್ಕೆರಡು ಸಲ ಚೊಂಬು ನೀರು ಸುರಿದರು. ಎರಡು ವಾರ ಕಳೆದರೂ ಒಂದು ಮೊಳಕೆಯೂ ಬರಲಿಲ್ಲ. ಕೊಳೆತ ವಾಸನೆ ಮಾತ್ರ ಬಂತು.

"ನಮ್ಮ ಕೈಗುಣವೇ ಇಷ್ಟು" ಎಂದಳು ಸೊಸೆ.

ನರ್ಸ್ ಮಣ್ಣಿಗೆ ಬೆರಳಿಟ್ಟು ನೋಡಿದಳು. "ಕೈಗುಣ ಅಲ್ಲ, ಇದು ಕೆಸರು. ಡಬ್ಬಕ್ಕೆ ತೂತೇ ಇಲ್ಲ. ಬೀಜಕ್ಕೂ ಉಸಿರು ಬೇಡ್ವಾ ಯಜಮಾನರೇ?"

ಈ ಸಲ ಮಾವ ಎರಡು ಡಬ್ಬಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದರು. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ, ಉಗುರಿನಷ್ಟೇ ಆಳದಲ್ಲಿ ಹಾಕಿದರು.

"ಕಾಮಕಸ್ತೂರಿ ಬೀಜ ನೆನೆಸಬೇಡಿ, ಲೋಳೆಯಾಗುತ್ತೆ. ಹಾಗೇ ಉದುರಿಸಿ, ಮೇಲೆ ಕಂಡೂ ಕಾಣದಷ್ಟು ಮಣ್ಣು ಹಾಕಿದ್ರೆ ಸಾಕು. ಮೇಲ್ಮಣ್ಣು ಒಣಗಿದ್ರೆ ಮಾತ್ರ ನೀರು ಚಿಮುಕಿಸಿ" ಎಂದಳು ನರ್ಸ್. ಡಬ್ಬಗಳನ್ನು ಬಿಸಿಲು ಚೆನ್ನಾಗಿ ಬೀಳುವ ಕಿಟಕಿಗೆ ಸರಿಸಿದರು.

ಆರನೇ ದಿನ ಸೊಸೆ ಒಳಗೆ ಬರುತ್ತಲೇ ಮಾವ "ನೋಡು" ಎಂದರು. ಅಷ್ಟೇ. ಕಾಮಕಸ್ತೂರಿ ಎರಡೆರಡು ಎಲೆ ಬಿಟ್ಟಿತ್ತು. ಹೆಗಲ ಚೀಲ ಇಳಿಸದೆ ಅವಳು ಬಗ್ಗಿ ನೋಡುತ್ತಾ ನಿಂತಳು. ಮುಂದಿನ ವಾರ ಕೊತ್ತಂಬರಿಯೂ ತಲೆಯೆತ್ತಿತು.

ಗಿಡ ಗೇಣುದ್ದವಾದಾಗ ನರ್ಸ್ ಕಾಮಕಸ್ತೂರಿಯ ಕುಡಿ ಚಿವುಟಲು ಹೇಳಿದಳು.

"ಬೆಳೆಯೋ ಮಕ್ಕಳ ತಲೆ ಚಿವುಟೋದಾ?" ಎಂದರು ಮಾವ.

"ಚಿವುಟಿದ್ರೇನೇ ಕವಲೊಡೆಯೋದು. ಹೂ ಬಿಡೋಕೆ ಬಿಟ್ರೆ ಎಲೆ ಕಮ್ಮಿಯಾಗುತ್ತೆ."

ಒಂದು ಸಂಜೆ ಸೊಸೆ ಬಾಗಿಲು ತೆರೆದರೆ ಒಲೆಯ ಮುಂದೆ ಮಾವ ನಿಂತಿದ್ದರು. ತರಕಾರಿ ಸೂಪು ಕುದಿಯುತ್ತಿತ್ತು. ಒಲೆ ಆರಿಸಿ, ಎಲೆಗಳನ್ನು ಕೈಯಲ್ಲೇ ಹರಿದು ಹಾಕಿ ಮುಚ್ಚಿದರು.

"ಇಳಿಸಿದ ಮೇಲೆ ಹಾಕಬೇಕು. ಕುದಿಸಿದ್ರೆ ಘಮ ಹಾರಿಹೋಗುತ್ತೆ."

"ಉಪ್ಪು?"

"ಒಂದು ಚಿಟಿಕೆ. ನಂಬಿಕೆ ಇಲ್ದಿದ್ರೆ ದಿಂಬು ನೋಡ್ಕೊಂಡು ಬಾ."

ಅವಳು ನೋಡಲು ಹೋಗಲಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತಳು. ಅವಳಿಗೆ ಯಾರಾದರೂ ಬಡಿಸಿ ಎಷ್ಟು ದಿನವಾಗಿತ್ತೋ. ಇಬ್ಬರೂ ಉಂಡರು. ಮಾವ ಎರಡನೇ ಸಲ ಬಡಿಸಿಕೊಂಡರು.

ತಿಂಗಳ ನಂತರ ನರ್ಸ್ ಮತ್ತೆ ಪಟ್ಟಿ ಸುತ್ತಿದಳು. "ನೂರಾ ಮೂವತ್ತೆಂಟು. ಇದು ಮಾತ್ರೆಯ ಕೆಲಸ, ಉಪ್ಪು ಬಿಟ್ಟಿದ್ದರ ಕೆಲಸ. ಸೊಪ್ಪು ಔಷಧಿಯಲ್ಲ. ಉಪ್ಪಿಲ್ಲದ ಊಟ ಗಂಟಲಲ್ಲಿ ಇಳಿಯೋ ಹಾಗೆ ಮಾಡುತ್ತೆ, ಅಷ್ಟೇ. ಮಾತ್ರೆ ಬಿಡಬೇಡಿ."

"ಬಿಡಲ್ಲ ಬಿಡಮ್ಮ" ಎಂದ ಮಾವ, ಹೊಸ ಬೀಜ ಹಾಕಲು ಮೂರನೇ ಡಬ್ಬಕ್ಕೆ ತೂತು ಹೊಡೆಯತೊಡಗಿದರು.

ಇದನ್ನು ಓದುತ್ತಿರುವ ನೀವೂ ದಣಿದಿರಬಹುದು. ತೋಟ ಮಾಡಿ ಎಂದು ನಾವು ಹೇಳುವುದಿಲ್ಲ. ತಳಕ್ಕೆ ತೂತಿರುವ ಒಂದು ಡಬ್ಬ, ಒಂದು ಹಿಡಿ ಬೀಜ, ಬಿಸಿಲು ಬೀಳುವ ಒಂದು ಕಿಟಕಿ ಸಾಕು. ಮೊದಲ ಸಲ ಮೊಳೆಯದಿದ್ದರೆ ಇನ್ನೊಮ್ಮೆ ಹಾಕಿ. ಇನ್ನು ನನ್ನಿಂದ ಏನಾದೀತು ಎಂದು ಮೂಲೆಯಲ್ಲಿ ಕೂತ ಹಿರಿಯರು ಮನೆಯಲ್ಲಿದ್ದರೆ, ಆ ಡಬ್ಬವನ್ನು ಅವರ ಕೈಗೇ ಕೊಡಿ.