ಎಡಗೆನ್ನೆಯ ಪೆಪ್ಪರಮೆಂಟು

ಎಡಗೆನ್ನೆಯಲ್ಲಿದೆ, ಈಗಲೂ ಅಲ್ಲೇ ಇದೆ, ಗಾಜಿನ ಹಿಂದೆ ನೆಲ್ಲಿಕಾಯಿಯಷ್ಟು ಒಂದು ಉಬ್ಬು, ಮೆಲ್ಲಗೆ ಆಡುತ್ತಿದೆ — ಅಂದರೆ ಹಿಂದೆ ಎಲ್ಲವೂ ನೆಟ್ಟಗಿದೆ, ಬರುವವರು ಬರುತ್ತಿದ್ದಾರೆ, ಪಕ್ಕದ ಲೇನಿಗೆ ಸರಿಯುವವರು ಸರಿಯುತ್ತಿದ್ದಾರೆ, ಅವನು ನಿಶ್ಚಿಂತೆಯಿಂದ ಬಾಗಿ ಉದ್ದ ಮೂತಿಯ ಡಬ್ಬದಿಂದ ಬಿಸಿ ಡಾಂಬರನ್ನು ರಸ್ತೆಯ ಬಿರುಕಿನೊಳಗೆ ದಾರದಂತೆ ಇಳಿಸಬಹುದು, ಮತ್ತೆ ತಲೆಯೆತ್ತಿ ಆ ಕೆನ್ನೆಯನ್ನು ನೋಡಬಹುದು, ಪೆಪ್ಪರಮೆಂಟು ಕರಗುವವರೆಗೆ ಒಂದು ಬಿರುಕು, ಹೊಸದು ಬಾಯಿಗೆ ಬಿದ್ದರೆ ಇನ್ನೊಂದು, ಹೆಂಡತಿಯ ಬಾಯಿ ನೋಡಿಕೊಂಡು ಬದುಕುವ ಗಂಡ ಎಂದು ಮೇಸ್ತ್ರಿ ನಗುತ್ತಾರೆ, ನಗಲಿ, ಸುಳ್ಳೇನಿದೆ ಅದರಲ್ಲಿ, ಹೆದ್ದಾರಿಯ ಮೂರು ಲೇನುಗಳಲ್ಲಿ ವಿಭಜಕಕ್ಕೆ ಹತ್ತಿಕೊಂಡ ಒಂದನ್ನು ಕಿತ್ತಳೆ ಶಂಕುಗಳಿಟ್ಟು ಮುಚ್ಚಿದ್ದಾರೆ, ಆ ಮುಚ್ಚಿದ ಲೇನಿನ ಬಾಯಿಗೆ ಅಡ್ಡವಾಗಿ ಅವಳ ಕಾವಲು ಲಾರಿ ನಿಂತಿದೆ, ಅದರ ಬೆನ್ನಿಗೆ ಗೋಡೆಯಷ್ಟು ದೊಡ್ಡ ದೀಪದ ಬಾಣ, ಬಾಣದ ಕೆಳಗೆ ಗುದ್ದು ನುಂಗುವ ದಪ್ಪನೆಯ ಲೋಹದ ಮೆತ್ತೆ, ಅವಳ ಮುಖ ಇತ್ತ, ಬೆನ್ನು ವಾಹನಗಳತ್ತ, ಕಣ್ಣು ಮಾತ್ರ ಕನ್ನಡಿಯಲ್ಲಿ, ಲಾರಿಯ ಆಚೆ ಏನು ಬರುತ್ತಿದೆಯೋ ಅವನಿಗೆ ಕಾಣುವುದಿಲ್ಲ, ಅವನಿಗೆ ಕಾಣುವುದು ಅವಳ ಮುಖ ಒಂದೇ, ಇಡೀ ಹೆದ್ದಾರಿಯನ್ನು ಅವನು ಓದುವುದು ಅಂಗೈಯಗಲದ ಆ ಮುಖದಲ್ಲಿ. ಗುದ್ದಿಸಿಕೊಳ್ಳೋಕೂ ಸಂಬಳ ಕೊಡ್ತಾರೇನೇ ಎಂದು ಅಮ್ಮ ಕೇಳಿದ್ದಳು, ಮೊದಲ ದಿನ, ಹೂಂ ಅತ್ತೆ, ಮನೇಲಾದ್ರೆ ಬಿಟ್ಟಿ, ಅಲ್ಲಿ ತಿಂಗಳ ಕೊನೇಲಿ ಕೈಗೆ ಬರುತ್ತೆ, ಎಂದಳು ಇವಳು, ನಗದೆ, ಬೂಟಿನ ದಾರ ಬಿಗಿಯುತ್ತ.

ಎಡಹುಬ್ಬು ಏರಿತು, ಇಳಿಯಿತು — ನೆಂಟ. ಇದು ಅವಳಿಟ್ಟ ಹೆಸರು. ಬಾಣ ಅಷ್ಟು ದೂರದಿಂದ ಕಣ್ಣಿಗೆ ಹೊಡೆಯುತ್ತಿದ್ದರೂ ಮುಚ್ಚಿದ ಲೇನಿನಲ್ಲೇ ಕೊನೆಯವರೆಗೆ ನುಗ್ಗಿ, ಕಟ್ಟಕಡೆಯ ಗಳಿಗೆಯಲ್ಲಿ ಪಕ್ಕದವರ ಮೈಮೇಲೆ ಬೀಳುವವನು ನೆಂಟ, ಕರೆಯದೆ ಬಂದು ಎಲೆಯ ಮುಂದೆ ಕೂರುತ್ತಾನೆ ರೀ. ವೇಗದವರ ಲೇನಿನಲ್ಲಿ ಆಮೆಯಂತೆ ಸಾಗುತ್ತ ಹಿಂದೆ ಊರನ್ನೇ ಕಟ್ಟಿಕೊಂಡವನು ಮದುಮಗ, ಅವನಿಗೆ ತುಟಿ ಒತ್ತುತ್ತಾಳೆ. ದೀಪ ಹಾಕದೆ ಆ ಲೇನು ಈ ಲೇನು ಹಾರುವವನು ಗಾಳಿಪಟ, ಅವನಿಗೆ ಕಣ್ಣುಗುಡ್ಡೆ ಆಚೀಚೆ. ಮುಂದಿನವನ ಬೆನ್ನಿಗೆ ಮೂಗು ತಾಗಿಸಿಕೊಂಡು ಬರುವವನು ಬಾಲ, ಅವನಿಗೆ ಮೂಗಿನ ಸುಕ್ಕು, ಮತ್ತೆ ಸಾವಿರಕ್ಕೊಬ್ಬ ಬಾಣ ಕಂಡ ಕೂಡಲೇ ದೀಪ ಹಾಕಿ, ಸರಿದು, ಹಿಂದೆ ಪರದಾಡುವವನಿಗೂ ಜಾಗ ಬಿಟ್ಟು ಹೋಗುತ್ತಾನೆ, ಅವನಿಗೆ ಹೆಸರಿಲ್ಲ, ಅವನಿಗೆ ಅವಳು ಸ್ಟಿಯರಿಂಗಿನ ಮೇಲಿಂದ ಎರಡು ಬೆರಳೆತ್ತುತ್ತಾಳೆ, ಅವನೇನು ನೋಡುತ್ತಾನೆಯೇ ಎಂದರೆ, ಅವನು ನೋಡ್ಲಿ ಅಂತಲ್ಲ ರೀ, ಕಣ್ಣು ತಣ್ಣಗಾಯ್ತಲ್ಲ, ಅದಕ್ಕೆ. ಎಂಥ ಹೆಂಗಸು, ದಿನವಿಡೀ ಲೋಕದ ಅವಿವೇಕವೆಲ್ಲ ತನ್ನ ಬೆನ್ನಿಗೇ ಗುರಿಯಿಟ್ಟು ಬರುವುದನ್ನು ಕನ್ನಡಿಯಲ್ಲಿ ನೋಡುತ್ತ ಕೂತೂ ಸಂಜೆ ಮನೆಗೆ ಬಂದು ಮಗಳಿಗೆ ನಗುನಗುತ್ತ ಜಡೆ ಹಾಕುವವಳು, ಇವನಾದರೆ ತರಕಾರಿ ಅಂಗಡಿಯಲ್ಲಿ ಯಾರಾದರೂ ಸಾಲು ಮುರಿದರೂ ಮೈ ಉರಿಸಿಕೊಳ್ಳುತ್ತಾನೆ — ಮೇಸ್ತ್ರಿಗೆ ಉತ್ತರ ಕೊಡಬೇಕು, ಊಟದ ಹೊತ್ತಿಗೆ. ಪಕ್ಕದ ತಂಡದ ಕಾವಲು ಲಾರಿಗೆ ಹೋದ ತಿಂಗಳು ಒಬ್ಬ ಬಂದು ಅಪ್ಪಳಿಸಿದ, ಚಾಲಕನ ಕತ್ತಿಗೆ ಇನ್ನೂ ಪಟ್ಟಿ ಇದೆ, ಏನಯ್ಯಾ, ಉಗ್ರಾಣದಲ್ಲಿ ಒಂದು ಜಾಗ ಖಾಲಿ ಇದೆ, ನಿನ್ನ ಹೆಂಡ್ತಿನ ಲಾರಿಯಿಂದ ಇಳಿಸಿ ಅಲ್ಲಿಗೆ ಹಾಕ್ಲಾ, ನೀನು ಹೂಂ ಅಂದ್ರೆ ಸಾಕು, ಎಂದಿದ್ದರು ಮೇಸ್ತ್ರಿ, ಬೆಳಿಗ್ಗೆ. ಹೂಂ ಎನ್ನಲು ಎಷ್ಟು ಹೊತ್ತು. ಚಹಾ ಕುಡಿಯುವಾಗ ಅವಳಿಗೆ ಹೇಳಿದ, ಅವಳು ಲೋಟ ಕೆಳಗಿಟ್ಟಳು, ಇಳಿಸಿ, ಅದಕ್ಕೇನಂತೆ, ಆಮೇಲೆ ನಿಮ್ಮ ಹಿಂದೆ ಬೇರೆ ಯಾರೋ ಕೂತ್ಕೋತಾರೆ, ಅವರ ಮುಖ ಓದೋಕೆ ಬರುತ್ತಾ ನಿಮಗೆ? ಅಲ್ಲ ಕಣೇ, ನಿನಗೇನಾದ್ರೂ ಆದ್ರೆ — ನನಗಾದ್ರೆ ಮೆತ್ತೆ ಇದೆ, ಕಬ್ಬಿಣ ಇದೆ, ಬೆಲ್ಟ್ ಇದೆ, ನಿಮಗೇನಿದೆ, ಆ ಹಳದಿ ಬನಿಯನ್ನಾ? ಎಂದವಳೇ ಪೊಟ್ಟಣದಿಂದ ಎರಡು ಪೆಪ್ಪರಮೆಂಟು ತೆಗೆದು ಒಂದನ್ನು ಅವನ ಅಂಗೈಯಲ್ಲಿಟ್ಟಳು, ಇನ್ನೊಂದನ್ನು ಎಡಗೆನ್ನೆಗೆ ಸೇರಿಸಿದಳು, ನೋಡಿ, ನನ್ನ ಬಾಯಲ್ಲಿ ಪೆಪ್ಪರಮೆಂಟು ಕೂಡ ಲೇನು ಬಿಟ್ಟು ಹೋಗಲ್ಲ.

ಬಿಸಿಲು ತಿರುಗಿತು. ಗಾಜಿನ ತುಂಬ ಒಂದೇ ಬಿಳಿ, ಮುಖವಿದ್ದಲ್ಲಿ ಸೂರ್ಯ, ಕೆನ್ನೆ ಇಲ್ಲ, ಹುಬ್ಬಿಲ್ಲ, ಆಚೆ ಪಕ್ಕದ ಲೇನಿನಲ್ಲಿ ಟಯರುಗಳ ಮೊರೆತ ಮಾತ್ರ, ಕುರುಡನಾದಂತೆ ಅನಿಸಿತು ಅವನಿಗೆ, ಡಬ್ಬ ಹಿಡಿದೇ ಲಾರಿಯತ್ತ ನಡೆದ, ಸ್ವಲ್ಪ ಹತ್ತಿರ ಹೋದರೆ ಹೊಳಪು ತಪ್ಪುತ್ತದೆ, ಇನ್ನೂ ಸ್ವಲ್ಪ, ಅಲ್ಲೂ ಒಂದು ಬಿರುಕಿದೆ ಎಂದು ತನಗೆ ತಾನೇ ನೆಪ ಹೇಳಿಕೊಂಡ, ಬಿರುಕು ಎಲ್ಲಿಲ್ಲ, ಲಾರಿಯ ಮುಂದಿನ ಆ ತುಂಡು ಖಾಲಿ ಇರಬೇಕು, ಅಲ್ಲಿ ನೊಣವೂ ಕೂರಬಾರದು, ಹಿಂದಿನಿಂದ ಗುದ್ದು ಬಿದ್ದರೆ ಲಾರಿ ಜಾರಿ ಬರುವುದು ಅಲ್ಲಿಗೇ, ಹೊಸಬರಿಗೆ ಮೇಸ್ತ್ರಿ ಕಲಿಸುವ ಮೊದಲ ಪಾಠವೇ ಅದು, ಅವನೇ ಎಷ್ಟು ಹೊಸಬರ ತೋಳು ಹಿಡಿದು ಆ ಜಾಗದಿಂದ ಎಳೆದಿಲ್ಲ, ಆದರೆ ಅವರ್‍ಯಾರೂ ಮುಖ ಓದಿ ಬದುಕುವವರಲ್ಲ, ಇನ್ನೊಂದು ಹೆಜ್ಜೆ, ಹಾಂ, ಕಂಡಿತು, ಗದ್ದ, ಕೆನ್ನೆ, ಉಬ್ಬು, ಆಡುತ್ತಿದೆ, ಅವನನ್ನು ನೋಡಿ ಗದರುವ ಕಣ್ಣು, ಅಲ್ಲಿಂದ ಆಚೆ ಹೋಗ್ರೀ ಎಂಬ ತಲೆಯ ಕುಲುಕು, ಆಮೇಲೆ ಮತ್ತೆ ಕನ್ನಡಿಗೆ ಹೋದ ಕಣ್ಣು, ಎಡಹುಬ್ಬು ಏರಿತು, ನೆಂಟ, ಮೂಗು ಸುಕ್ಕಾಯಿತು, ನೆಂಟನ ಹಿಂದೆ ಬಾಲ, ಎರಡೂ ಒಟ್ಟಿಗೆ, ಹಾಗೆ ಅವನು ಎಂದೂ ಕಂಡಿಲ್ಲವಲ್ಲ —

ಉಬ್ಬು ನಿಂತಿತು. ಆಡುತ್ತಿದ್ದದ್ದು ನಿಂತಿತು. ಹಾರ್ನು. ಕಿವಿಯ ತಮಟೆ ಹರಿಯುವಂಥ ಒಂದೇ ಉದ್ದನೆಯ ಹಾರ್ನು, ಅವಳ ತಲೆ ಸೀಟಿಗೆ ಒತ್ತಿಕೊಂಡಿತು, ತೋಳು ನೆಟ್ಟಗಾಯಿತು, ಅವನ ಮೈ ಅವನನ್ನು ಕೇಳದೆಯೇ ವಿಭಜಕದ ಕಬ್ಬಿಣದ ಪಟ್ಟಿಯತ್ತ ಹಾರುತ್ತಿದೆ, ಡಬ್ಬ ಕೈಬಿಟ್ಟಿದೆ, ತೊಡೆಗೆ ಪಟ್ಟಿ ಬಡಿದಿದೆ, ಬಾಯಲ್ಲಿ ಮಣ್ಣು, ಒಂದು ಸಲ ಅವಳು ಹೇಳಿದ್ದಳಲ್ಲ, ಪಾತ್ರೆ ತೊಳೆಯುತ್ತ, ಹಿಂದಿನಿಂದ ಬರೋದು ಕಂಡಾಗ ಕಾಲು ತಾನಾಗೇ ಬ್ರೇಕು ಬಿಡೋಕೆ ನೋಡುತ್ತೆ ರೀ, ಓಡು ಮುಂದಕ್ಕೆ, ತಪ್ಪಿಸ್ಕೋ ಅನ್ನುತ್ತೆ ಜೀವ, ಮುಂದಕ್ಕೆ ಓಡಿಸಿದ್ರೆ ಅಲ್ಲಿ ನೀವಿರ್ತೀರ, ಬ್ರೇಕು ಬಿಡದೆ ಇರೋದೇ ನನ್ನ ಕೆಲಸ, ಮಿಕ್ಕಿದ್ದೆಲ್ಲ ಸುಮ್ನೆ ಕೂರೋದು — ಅಂದು ಅವನು ಹೂಂಗುಟ್ಟಿದ್ದ, ಪಾತ್ರೆ ಒರೆಸುತ್ತ, ಅರ್ಥವಾಗದೆ. ನೆಲ ನಡುಗಿತು. ಲೋಹ ಲೋಹವನ್ನು ಅಗಿಯುವ ಸದ್ದು, ಟಯರು ಸುಟ್ಟ ವಾಸನೆ, ಅಷ್ಟು ದೊಡ್ಡ ಲಾರಿ ಹಠಮಾರಿ ಎಮ್ಮೆಯಂತೆ ಗಾಲಿ ಊರಿಕೊಂಡೇ, ಒಲ್ಲೆ ಒಲ್ಲೆ ಎನ್ನುತ್ತಲೇ ಜಾರಿ ಬಂದು, ಅವನ ಡಬ್ಬವನ್ನು ತಗಡು ಮಾಡಿ, ಅವನು ನಿಂತಿದ್ದ ಜಾಗವನ್ನು ತುಂಬಿ ನಿಂತಿತು. ಅವಳ ಕಾಲು ಎತ್ತಿದ್ದರೆ. ಒಂದು ಉಸಿರಿನಷ್ಟು ಎತ್ತಿದ್ದರೆ, ಹಾರಲು ಸಮಯವೆಲ್ಲಿತ್ತು.

ಹಿಂದೆ ಕಾರಿನಿಂದ ಒಬ್ಬ ಇಳಿಯುತ್ತಿದ್ದಾನೆ, ಮುಖದ ತುಂಬ ಗಾಳಿಚೀಲದ ಬಿಳಿ ಪುಡಿ, ಗಾಯವಿಲ್ಲ, ಮೆತ್ತೆ ಅವನನ್ನೂ ಉಳಿಸಿದೆ, ಮುಂದಿನವನು ಹೋಗ್ತಿದ್ದ ಸಾರ್, ನಾನೂ ಹಿಂದೆಯೇ ಹೋದೆ, ಅವನು ಥಟ್ಟನೆ ಪಕ್ಕಕ್ಕೆ ನುಗ್ಗಿದ, ಬಾಣ ಕಾಣಲೇ ಇಲ್ಲ, ಎನ್ನುತ್ತಿದ್ದಾನೆ, ಗೋಡೆಯಷ್ಟು ದೊಡ್ಡ ಬಾಣ, ಪಾಪ, ಹೌದು, ಮುಂದಿನವನ ಬೆನ್ನೇ ಲೋಕವಾದವನಿಗೆ ಬಾಣ ಕಾಣುವುದು ಹೇಗೆ, ನೆಂಟ ಆಗಲೇ ಯಾವ ಊರು ಸೇರಿದನೋ, ತಿರುಗಿಯೂ ನೋಡಿರಲಿಕ್ಕಿಲ್ಲ, ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ, ಸಿಟ್ಟಿಗೆ ಜಾಗವಿಲ್ಲ, ಕಾಲುಗಳು ಪಟ್ಟಿ ದಾಟಿ ಲಾರಿಯ ಮುಂದೆ ಬಂದು ನಿಂತಿವೆ, ಸೊಂಟದ ವಾಕಿಟಾಕಿಯಲ್ಲಿ ಮೇಸ್ತ್ರಿ ಕಿರುಚುತ್ತಿದ್ದಾರೆ, ಹೇಗಿದ್ದಾಳಯ್ಯಾ, ಮಾತಾಡಯ್ಯಾ, ನಾನು ಬೆಳಿಗ್ಗೆನೇ ಬಡ್ಕೊಂಡೆ, ಉಗ್ರಾಣಕ್ಕೆ ಹಾಕಿಬಿಡೋಣ, ಹೂಂ ಅಂತೀಯೋ ಇಲ್ವೋ, ಅವನ ಬಾಯಿಂದ ತಾನಾಗಿಯೇ ಮಾತು ಬಂತು, ಅದು ನನ್ನ ಕೈಲಿಲ್ಲ ಮೇಸ್ತ್ರೀ, ಅವಳ ಕಾಲಲ್ಲಿದೆ, ಇನ್ನೂ ಬ್ರೇಕಿನ ಮೇಲೇ ಇದೆ, ಮೊದಲು ಆಂಬುಲೆನ್ಸ್ ಕರೀರಿ. ಲಾರಿ ಸ್ವಲ್ಪ ಓರೆಯಾಗಿದೆ, ಗಾಜಿನಲ್ಲಿ ಸೂರ್ಯನಿಲ್ಲ, ಮುಖವಿದೆ, ಸೀಟಿಗೆ ಅಂಟಿದ ತಲೆ, ನೆಟ್ಟಗಿನ ತೋಳು, ಕಣ್ಣು ಇನ್ನೂ ಕನ್ನಡಿಯಲ್ಲೇ, ಎಡಗೆನ್ನೆಯಲ್ಲಿ ಉಬ್ಬು, ಅಲ್ಲೇ ಇದೆ, ಲೇನು ಬಿಟ್ಟಿಲ್ಲ, ಆದರೆ ಆಡುತ್ತಿಲ್ಲ, ಆಡು, ಒಂದೇ ಒಂದು ಸಲ ಆಡು ಕಣೇ, ನೆಲ್ಲಿಕಾಯಿಯಷ್ಟು ಉಬ್ಬು, ಅದರ ಆಚೆ ಹೆದ್ದಾರಿಯಿಲ್ಲ, ಸದ್ದಿಲ್ಲ, ಮೇಸ್ತ್ರಿಯಿಲ್ಲ, ಅವಳ ಕಣ್ಣು ಕನ್ನಡಿಯಿಂದ ಇಳಿದು ಅವನ ಮೇಲೆ ಬಂತು, ಮತ್ತೆ ಅದೇ ಖಾಲಿ ಇರಬೇಕಾದ ಜಾಗದಲ್ಲಿ ನಿಂತವನ ಮೇಲೆ, ಗದ್ದ ತುಸುವೇ ಪಕ್ಕಕ್ಕೆ ಕುಲುಕಿತು, ಅಲ್ಲಿಂದ ಆಚೆ ಹೋಗ್ರೀ, ಅವನು ಹೋಗಲಿಲ್ಲ, ಉಬ್ಬು, ಎಡಗೆನ್ನೆಯಲ್ಲಿ, ಉಬ್ಬು —

ಆಡಿತು.