ಗುಲಾಬಿ ಬುಡದ ಗರೆತ್

ಬಾರ್ನ್ಸ್ಲಿ ಊರಿನ ನಮ್ಮ ಮನೆಯ ಸಾಲದ ಮೂರು ಕಂತು ಕಟ್ಟಿರಲಿಲ್ಲ. ಶುಕ್ರವಾರದೊಳಗೆ ಮನೆ ಮಾರಾಟ ಮುಗಿಯದಿದ್ದರೆ ಕೋರ್ಟಿಗೆ ಹೋಗುವುದಾಗಿ ಬ್ಯಾಂಕಿನವರು ಬರೆದಿದ್ದರು. ಮನೆ ಕೊಳ್ಳಲಿದ್ದ ಮುದುಕ ಹಾರ್ಗ್ರೀವ್ಸ್ ಒಂದೇ ಹಟ ಹಿಡಿದಿದ್ದರು: ನಾನು ಬಿಟ್ಟುಹೋಗುವ ವಸ್ತುಗಳ ಪಟ್ಟಿಯಲ್ಲಿ ಹಿತ್ತಲಿನ ಗುಲಾಬಿ ಗಿಡವೂ ಇರಬೇಕು. ನಾನು ಒಪ್ಪಿರಲಿಲ್ಲ. ನನ್ನ ಗಂಡ ಗರೆತ್‌ನ ಬೂದಿ ಅದರ ಬುಡದಲ್ಲಿತ್ತು.

ಅತ್ತೆ ಬೆರಿಲ್ ಚಹಾ ಹೀರುತ್ತ ಹೇಳಿದರು: “ಬಿಟ್ಬಿಡೇ ತಾಯಿ. ಬದುಕಿದ್ದಾಗ ಒಂದ್ ಕಂತೂ ಹೊತ್ತಿಗೆ ಕಟ್ಟಿದವನಲ್ಲ. ಇನ್ಮೇಲೆ ಅಲ್ಲೇ ಪುಕ್ಕಟೆ ಬಿದ್ದಿರ್ಲಿ.”

ಗರೆತ್ ಸತ್ತ ಮೇಲಿನ ಎಂಟು ತಿಂಗಳಲ್ಲಿ ಅಂದೇ ನಾನು ನಕ್ಕದ್ದು. ಪಟ್ಟಿಯಲ್ಲಿ ಪರದೆ, ಒಲೆ, ಗುಲಾಬಿ ಎಂದು ಬರೆದು, ಕೊನೆಗೆ ‘ಗರೆತ್. ಊಟ ಕೇಳುವುದಿಲ್ಲ’ ಎಂದು ಸೇರಿಸಿದೆ.

ಗುರುವಾರ ಪಟ್ಟಿ ಓದಿದ ನನ್ನ ವಕೀಲೆ ಫೋನಿನಲ್ಲಿ ಕಿರುಚಿದಳು: “ಯಾರ್ರೀ ಈ ಗರೆತ್? ಮನೇಲಿ ಒಬ್ಬ ಉಳ್ಕೊಂಡ್ರೂ ಮಾರಾಟ ನಿಂತ್ಹೋಗುತ್ತೆ! ಹಾರ್ಗ್ರೀವ್ಸ್ ಸಹಿ ಹಾಕಲ್ಲ ಅಂತ ಕೂತಿದ್ದಾರೆ!”

ನಾನೇ ಹಾರ್ಗ್ರೀವ್ಸ್‌ಗೆ ಫೋನ್ ಮಾಡಿ ನಿಜ ಹೇಳಿದೆ. ಅವರು ಕೇಳಿದ್ದು ಇಷ್ಟೇ:

“ನಾನು ಗಿಡದ ರೆಂಬೆ ಸವರುವಾಗ ಮೂಗು ತೂರಿಸ್ತಾನೇನಮ್ಮ?”

“ಇಲ್ಲ. ತೋಟದ ಕೆಲಸ ಅಂದ್ರೆ ಬದುಕಿದ್ದಾಗ್ಲೂ ಮಾಯ ಆಗ್ತಿದ್ದ.”

“ಹಾಗಾದ್ರೆ ಇರ್ಲಿ ಬಿಡು. ನನ್ ಹೆಂಡ್ತಿ ಎಡ್ನಾ ಎರಡು ವರ್ಷದಿಂದ ಬೂದಿಯಾಗಿ ಡಬ್ಬೀಲಿ ಕೂತಿದ್ದಾಳೆ. ಅವಳನ್ನ ಬುಡದಲ್ಲಿ ಇಡೋಕೇ ಈ ಗುಲಾಬಿ ಹುಡುಕಿದ್ದು. ಅವಳಿಗೂ ಜೊತೆ ಸಿಕ್ತು.”

ಗರೆತ್‌ನ ಪಕ್ಕ ಮಲಗಲಿರುವ ಎಡ್ನಾ ನೋಡಲು ಹೇಗಿದ್ದಳು ಎಂದು ವಿಚಾರಿಸಿಕೊಂಡೇ ಶುಕ್ರವಾರ ಬೀಗದ ಕೈ ಕೊಟ್ಟೆ.