ಮಲಗಿದವರ ಅಳತೆ

“ಕೈ ಸ್ವಲ್ಪ ಎತ್ತಿ ಮಾಸ್ಟರ್,” ಎಂದುಬಿಟ್ಟ ಕಾಜಾ, ತಕ್ಷಣ ನಾಲಿಗೆ ಕಚ್ಚಿಕೊಂಡ.

ಮಾಸ್ಟರ್ ಎತ್ತಲಿಲ್ಲ. ನಡುಮನೆಯ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಹಿಂದಿನ ದಿನ ಮಧ್ಯಾಹ್ನ ಕೆಳಗಿನ ಅಂಗಡಿಯಲ್ಲಿ ಸಮವಸ್ತ್ರದ ನೀಲಿ ಬಟ್ಟೆ ಹಾಸಿಕೊಂಡು ಚಾಕ್‌ನಿಂದ ಗೆರೆ ಎಳೆಯುತ್ತಿದ್ದವರು ಹಾಗೆಯೇ ಮೇಜಿನ ಮೇಲೆ ಒರಗಿದ್ದರು. ಪಾಪ, ಕಣ್ಣು ಹತ್ತಿರಬೇಕು ಎಂದುಕೊಂಡು ಟೈಲರ್‌ಗಳು ಸದ್ದಾಗದಂತೆ ಮೆಷಿನ್ ತುಳಿಯುತ್ತಲೇ ಇದ್ದರು. ಸಂಜೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು.

ಬೆಳಿಗ್ಗೆ ಹೆಂಡತಿ ಬೀರು ತೆಗೆದು ನೋಡಿದರೆ ಒಂದು ಅಂಗಿಗೆ ಗುಂಡಿಯಿಲ್ಲ, ಇನ್ನೊಂದರ ಕಾಲರ್ ಸವೆದಿದೆ, ಮತ್ತೊಂದಕ್ಕೆ ತೋಳನ್ನೇ ಕೂಡಿಸಿಲ್ಲ.

“ಊರಿಗೆಲ್ಲ ಹೊಲಿದ್ರು. ಇವತ್ತಿಗೆ ಒಂದು ಒಳ್ಳೇ ಅಂಗಿ ಇಲ್ಲ ನೋಡು,” ಎಂದರು.

“ನಾನು ಹೊಲೀತೀನಿ ಅಕ್ಕ,” ಎಂದಿದ್ದ ಕಾಜಾ. ಗುಂಡಿ ತೂರಿಸುವ ಕಾಜಾ ಹೊಲಿಯಲು ಬಂದು ಸೇರಿದವನಿಗೆ ಆ ಹೆಸರೇ ಅಂಟಿಕೊಂಡಿತ್ತು. ಮಾಸ್ಟರ್ ನಂತರ ಅಂಗಡಿಯಲ್ಲಿ ಅವನೇ ದೊಡ್ಡವನು.

ಪಕ್ಕದಲ್ಲಿ ಕೂತಿದ್ದ, ಅಂಗಡಿಯಲ್ಲಿ ಬಟ್ಟೆಯ ಅಂಚು ಮಡಚಿ ಹೊಲಿಯುವ ಹೆಮ್ಮಿಂಗ್ ಅಜ್ಜಿ ಮೂಗು ಒರೆಸಿಕೊಂಡಳು. “ಒಂದ್ಸಲನಾದ್ರೂ ಅಳತೆ ಕೊಡೋಕೆ ನಿಂತಿದ್ನಾ ಈ ಮನುಷ್ಯ? ಈಗ ನೋಡು, ಎಂಥಾ ಗಿರಾಕಿ! ಅಲ್ಲಾಡೋದೂ ಇಲ್ಲ, ನಾಳೇನೇ ಬೇಕು ಅಂತ ತಲೆ ತಿನ್ನೋದೂ ಇಲ್ಲ.”

ಅಳುತ್ತಿದ್ದವರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಾಸ್ಟರ್ ಮಗಳಿಗೆ ಮಾತ್ರ ನಗು ಬರಲಿಲ್ಲ. ಮಲಗಿದವರ ಭುಜದ ಮೇಲೆ ಟೇಪು ಸರಿದಾಡುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

*

ಆಗ ಅವಳಿಗೆ ಐದೋ ಆರೋ ವರ್ಷ. ಅಪ್ಪ ಅಂಗಡಿಗೆ ಇಳಿಯುವಾಗ ಅವಳು ಹಾಸಿಗೆಯಲ್ಲಿ, ಮೇಲೆ ಹತ್ತಿ ಬರುವಾಗಲೂ ಹಾಸಿಗೆಯಲ್ಲಿ. ಹೊಸ ಫ್ರಾಕು ಹೊಲಿಯಬೇಕಾದಾಗ ಬೆಳಗಿನ ಮಬ್ಬಿನಲ್ಲಿ ಅಪ್ಪ ಅವಳ ಪಕ್ಕ ಬಂದು ಕೂರುತ್ತಿದ್ದರು. ಟೇಪು ತಣ್ಣಗೆ ಭುಜ ಮುಟ್ಟುತ್ತಿತ್ತು, ಆಮೇಲೆ ಸೊಂಟ, ಆಮೇಲೆ ಮೊಣಕಾಲು. ಅವಳಿಗೆ ಎಚ್ಚರವಿರುತ್ತಿತ್ತು. ಆದರೆ ಕಣ್ಣು ಬಿಟ್ಟರೆ ಅಪ್ಪ “ಎದ್ದೆಯಾ? ಅಮ್ಮನ ಹತ್ರ ಹೋಗು” ಎಂದು ಹೊರಟುಬಿಡುತ್ತಿದ್ದರು. ಅದಕ್ಕೇ ಉಸಿರು ಬಿಗಿಹಿಡಿದು, ಕಾಲು ನೀಳವಾಗಿ ಚಾಚಿ, ನಿದ್ದೆ ಬಂದವಳಂತೆ ಮಲಗಿರುತ್ತಿದ್ದಳು.

ಫ್ರಾಕು ಹೇಳಿ ಮಾಡಿಸಿದಂತೆ ಕೂತಾಗ ಅಪ್ಪನಿಗೆ ಹೆಮ್ಮೆ. “ನೋಡೇ, ನಿದ್ದೇಲೂ ನನ್ನ ಮಗಳು ಎಷ್ಟು ನೀಟಾಗಿ ಮಲಗ್ತಾಳೆ!”

ಅವಳು ಕೊನೆಯವರೆಗೂ ಗುಟ್ಟು ಬಿಟ್ಟುಕೊಡಲಿಲ್ಲ.

*

ಅಂಗಡಿಯಲ್ಲಿ ಕಾಜಾ ಅಂಗಿಯ ಕಾಲರ್ ಕೂಡಿಸುತ್ತಿದ್ದ. ಮಾಸ್ಟರ್ ಟೇಪು ಅವನ ಕತ್ತಿನಲ್ಲಿತ್ತು. ಸುತ್ತ ಟೈಲರ್‌ಗಳು ಕೈಕಟ್ಟಿ ನಿಂತಿದ್ದರು. ಎಷ್ಟಾಯಿತೆಂದು ನೋಡಲು ತಾಯಿ ಮಗಳು ಇಳಿದು ಬಂದರು.

“ಇನ್ನು ಆ ಮೇಜು ನಿಂದೇ ಕಣಪ್ಪ,” ಎಂದಳು ಅಜ್ಜಿ. “ಬುದ್ಧಿ ಅಂತೂ ಈಗಾಗ್ಲೇ ಮಾಸ್ಟರದೇ ಬಂದಿದೆ. ಮೊನ್ನೆ ಜ್ವರ ಅಂತ ರಜ ಕೇಳಿದವನ ಮೇಲೆ ಹೇಗೆ ಎಗರಿಬಿದ್ದೆ!”

ಕಾಜಾ ತಲೆಯೆತ್ತಲಿಲ್ಲ. “ನಂಗೂ ಜ್ವರ ಇತ್ತು ಅಜ್ಜಿ.”

“ಹೇಳ್ಬಾರ್ದಿತ್ತಾ?”

“ನೀವು ಬೆರಳಿಗೆ ಸೂಜಿ ಹೊಕ್ಕಾಗ ಹೇಳಿದ್ರಾ?”

“ನಾನ್ಯಾಕೆ ಹೇಳ್ಲಿ? ಮಾಸ್ಟರ್ ಕತ್ತಿನ ಟೇಪು ಗೋಡೆ ಮೊಳೆಗೆ ಹೋಗದೆ ಯಾರಾದ್ರೂ ಎದ್ದಿದ್ದುಂಟಾ ಇಲ್ಲಿ? ಕೆಲಸ ಮುಗಿದಿದ್ರೂ ಚಿಂದಿ ಬಟ್ಟೆ ಹೊಲೀತಾ ಕೂತಿರ್ತಿದ್ವಿ.”

ಮಾಸ್ಟರ್ ಹೆಂಡತಿ ತಿರುಗಿ ನೋಡಿದರು. “ಕೆಲಸ ಮುಗಿದಿದ್ರೂನಾ?”

“ಮತ್ತೆ? ಅವನು ನಿಂತಿರೋವಾಗ ನಾವು ಎದ್ದು ಹೋಗೋದು ಹೇಗಮ್ಮ?”

“ಊಟಕ್ಕೆ ಬನ್ನಿ ಅಂತ ಕರೆದಾಗೆಲ್ಲ ನಂಗೆ ಅನ್ನೋರು, ‘ಹುಡುಗ್ರು ಇನ್ನೂ ತುಳೀತಿದಾರೆ ಕಣೇ, ನಾನೊಬ್ನೇ ಹೇಗೆ ಟೇಪು ತೆಗೆದಿಟ್ಟು ಬರ್ಲಿ’ ಅಂತ.”

ಮೆಷಿನ್ ನಿಂತಿತು.

“ಅಯ್ಯೋ ನನ್ನಪ್ಪ!” ಅಜ್ಜಿ ಸ್ಟೂಲಿನ ಮೇಲೆ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

ಕಾಜಾ ದಾರ ಕಡಿಯುತ್ತ ಹೇಳಿದ. “ನಮ್ಮ ಪಾಪುಗೆ ಎಷ್ಟು ಫ್ರಾಕು ಹೊಲಿದ್ರೂ ಗಿಡ್ಡ ಆಗುತ್ತೆ ಅಕ್ಕ. ನಾನು ಮನೆಗೆ ಹೋದಾಗೆಲ್ಲ ಮುದುಡ್ಕೊಂಡು ಮಲಗಿರ್ತಾಳೆ. ಅಳತೆ ಸಿಗಲ್ಲ.”

ಮಾಸ್ಟರ್ ಮಗಳು ಅವನನ್ನೇ ನೋಡಿದಳು.

*

ಹೊಸ ಅಂಗಿ ತೊಟ್ಟು ಮಾಸ್ಟರ್ ಹೋದರು. ಮಣ್ಣು ಹಾಕಿ ಬಂದ ಕಾಜಾ ಸೀದಾ ಅಂಗಡಿಗೆ ನಡೆದ. ಕಾಲಿಗೆ ರೂಢಿಯಾದ ದಾರಿಯಲ್ಲಿ ಉಳಿದವರೂ ಹೋಗಿ ತಂತಮ್ಮ ಮೆಷಿನ್ ಮುಂದೆ ಕೂತರು. ಮೇಜಿನ ಮೇಲೆ ನೀಲಿ ಬಟ್ಟೆ ಹಾಗೆಯೇ ಇತ್ತು, ಚಾಕ್ ಗೆರೆ ಅರ್ಧಕ್ಕೇ ನಿಂತಿತ್ತು. ಕಾಜಾ ಕತ್ತರಿ ಕೈಗೆತ್ತಿಕೊಂಡ.

ಹೊರಗೆ ಅವನ ಹೆಂಡತಿ ಪಾಪುವಿನ ಕೈಹಿಡಿದು ಗೋಡೆಗೆ ಒರಗಿದ್ದಳು. ಕರೆದು ಕರೆದು ಸಾಕಾದವಳು, ಕರೆಯಲಿಲ್ಲ.

ಮಾಸ್ಟರ್ ಹೆಂಡತಿ ಒಳಗೆ ಬಂದು ಕಾಜಾನ ಕತ್ತಿನಿಂದ ಟೇಪು ತೆಗೆದು ಗೋಡೆಯ ಮೊಳೆಗೆ ಹಾಕಿದರು.

“ಮಾಸ್ಟರ್ ಹೊರಟಾಯ್ತು. ಇನ್ಯಾರನ್ನ ಕಾಯ್ತಿದೀರಿ? ಏಳಿ.”

“ನಾಳೆ ಶಾಲೆಯವ್ರು ಬರ್ತಾರೆ ಅಕ್ಕ...”

“ಬರ್ಲಿ, ನಾನು ಮಾತಾಡ್ತೀನಿ. ಇನ್ನೊಂದು ವಾರ ಹಳೇ ಬಟ್ಟೆ ಹಾಕ್ಕೊಂಡ್ರೆ ಮಕ್ಕಳಿಗೆ ಪಾಠ ತಲೆಗೆ ಹತ್ತಲ್ವಾ?”

ಮೊದಲು ಅಜ್ಜಿ ಎದ್ದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೊರಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಟರು. ಕಾಜಾ ಮಾತ್ರ ಬರಿದಾದ ಕತ್ತನ್ನು ಸವರಿಕೊಳ್ಳುತ್ತ ನಿಂತೇ ಇದ್ದ.

ಮಾಸ್ಟರ್ ಮಗಳು ಟೇಪನ್ನು ಮೊಳೆಯಿಂದ ತೆಗೆದು ಅವನ ಕೈಯಲ್ಲಿಟ್ಟಳು. “ಪಾಪು ಎದ್ದಿದಾಳೆ ಕಾಜಾ ಅಣ್ಣ. ಈಗ ತಗೊಳ್ಳಿ ಅಳತೆ.”

ಅವನು ಹೊಸ್ತಿಲ ಬಳಿ ಮೊಣಕಾಲೂರಿ ಕೂತ. “ಬಾ ಮಗಳೇ. ನೆಟ್ಟಗೆ ನಿಂತ್ಕೋ.”

ಪಾಪು ಅಮ್ಮನ ಕೈ ಬಿಟ್ಟು ಬಂದು ನಿಂತಳು. ಟೇಪಿನ ತಣ್ಣನೆಯ ತುದಿ ಭುಜಕ್ಕೆ ತಾಗಿದ್ದೇ ತಡ, ನಡುಹಗಲ ಬಿಸಿಲಿನಲ್ಲಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಉಸಿರು ಹಿಡಿದಳು.